ಸಭೆ ಮುಗಿಯಿತು, ಚೀಟಿಗಳ ರಾಶಿ ಉಳಿಯಿತು: ಇನ್ನು ವಿಂಗಡಿಸುವುದು ಹೇಗೆ?

ಪೆರ್ಲದ ಓದುಗ:

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯತಿನ ಒಂದು ಸಣ್ಣ ಗ್ರಂಥಾಲಯ. ಪುಸ್ತಕ ಬೇಕಾದಷ್ಟು ಉಂಟು, ಓದುವವರು ಕಡಿಮೆಯಾಗುತ್ತಿದ್ದಾರೆ. ಮುಂದೆ ಎಂತ ಮಾಡಬಹುದು ಎಂದು ಕೇಳಲು ಕಳೆದ ಭಾನುವಾರ ಊರವರನ್ನು ಕರೆದೆವು. ಟೀಚರುಗಳು, ಅಡಿಕೆ ಕೃಷಿಕರು, ಕುಡುಂಬಶ್ರೀ ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರು, ಹೈಸ್ಕೂಲಿನ ಮಕ್ಕಳು ಎಲ್ಲ ಬಂದಿದ್ದರು. ಎಲ್ಲರಿಗೂ ಚೀಟಿ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಯಾರೂ ಯಾರದ್ದನ್ನೂ ತಪ್ಪು ಅನ್ನಬಾರದು ಎಂದೆವು. ಬ್ರೈನ್‌ಸ್ಟಾರ್ಮಿಂಗ್ ಅಂತಾರಲ್ಲ, ಅದೇ.

ಈಗ ನನ್ನ ಮೇಜಿನ ಮೇಲೆ ನೂರಕ್ಕೂ ಜಾಸ್ತಿ ಚೀಟಿ ಉಂಟು. ಕೈಗೆ ಸಿಕ್ಕಿದ ಕೆಲವನ್ನು ಹೇಳುತ್ತೇನೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಶನಿವಾರ ಕನ್ನಡ ಕಲಿಸಬೇಕು. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಯ ತಯಾರಿಗೆ ಒಂದು ಕೋಣೆ ಬೇಕು. ಸಂಜೆ ಬಸ್ಸು ಹೋದ ಮೇಲೆ ಗ್ರಂಥಾಲಯ ತೆರೆದು ಪ್ರಯೋಜನ ಏನು? ತಿಂಗಳಿಗೊಂದು ತಾಳಮದ್ದಳೆ. ಮಳೆಗಾಲದಲ್ಲಿ ಪುಸ್ತಕಕ್ಕೆ ಹಿಡಿಯುವ ಬೂಸ್ಟಿಗೆ ಮದ್ದು. ಮಕ್ಕಳನ್ನು ಮಂಜೇಶ್ವರಕ್ಕೆ ಕರೆದುಕೊಂಡು ಹೋಗಿ ಗೋವಿಂದ ಪೈಗಳ ಮನೆ ತೋರಿಸಬೇಕು. ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡಿದ ಅಜ್ಜಂದಿರ ಮಾತು ರೆಕಾರ್ಡ್ ಮಾಡಬೇಕು. ಹೆಂಗಸರಿಗೆ ಟಾಯ್ಲೆಟ್ ಬೇಕು. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಬಂದ ಕರಪತ್ರಗಳು ಒಂದೇ ಕಡೆ ಸಿಗಬೇಕು.

ಮಿನಿಟ್ಸ್ ಪುಸ್ತಕದಲ್ಲಿ ಇಷ್ಟೂ ಸೇರಿ ಕೆಲವೇ ಸಾಲು ಆಗಿದೆ. "ಮಕ್ಕಳ ಚಟುವಟಿಕೆ ಹೆಚ್ಚಿಸುವುದು, ಮೂಲಸೌಕರ್ಯ ಸುಧಾರಿಸುವುದು" ಹೀಗೆ. ಅದನ್ನು ಓದಿದರೆ ನಮ್ಮ ಊರಿನ ಸಭೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಂದು ಆ ಕೋಣೆಯಲ್ಲಿ ಎಷ್ಟು ಹುರುಪಿತ್ತು! ಅದು ಹೀಗೆ ಸೋರಿಹೋಗಬಾರದು. ಓಣಂ ರಜೆಗೆ ಮುಂಚೆ ಸಮಿತಿಯ ಮುಂದೆ ಏನಾದರೂ ಇಡಬೇಕು. ಯಾರಾದರೂ ದಾರಿ ಹೇಳುತ್ತೀರಾ?

ಉಪ್ಪಳದ ಗೆಳೆಯ:

ಎಲ್ಲವನ್ನೂ ಎಕ್ಸೆಲ್‌ನಲ್ಲಿ ಟೈಪ್ ಮಾಡಿ. ಪಕ್ಕದಲ್ಲಿ ಒಂದು ಕಾಲಂ ಮಾಡಿ: ಶಿಕ್ಷಣ, ಕಟ್ಟಡ, ಸಂಸ್ಕೃತಿ, ಕೃಷಿ, ಇತರೆ. ಆಮೇಲೆ ಫಿಲ್ಟರ್ ಹಾಕಿದರೆ ಆಯ್ತು. ಒಂದು ಸಂಜೆಯ ಕೆಲಸ.

ಮುಳ್ಳೇರಿಯದ ಟೀಚರ್:

ಟೈಪ್ ಮಾಡಿ ಇಡುವುದು ಒಳ್ಳೆಯದೇ. ಆದರೆ ಆ ಕಾಲಂ ಮಾತ್ರ ಈಗ ಬೇಡ ಎಂದು ನನ್ನ ಕಳಕಳಿಯ ಮಾತು. ಶಿಕ್ಷಣ, ಕಟ್ಟಡ, ಸಂಸ್ಕೃತಿ ಎಂಬ ಹೆಸರುಗಳು ಆ ಸಭೆಗೆ ಮೊದಲೇ ಇದ್ದವು, ನಾಳೆಯೂ ಇರುತ್ತವೆ. ಅವುಗಳೊಳಗೆ ಚೀಟಿ ತುಂಬಿಸಿದರೆ ನಮಗೆ ಮೊದಲೇ ಗೊತ್ತಿದ್ದುದೇ ಮತ್ತೆ ಸಿಗುತ್ತದೆ. ಊರವರನ್ನು ಕರೆದು ಕೇಳಿದ್ದು ಅದಕ್ಕಲ್ಲ, ಅಲ್ವಾ? ಮಿನಿಟ್ಸ್‌ನಲ್ಲಿ ಆದದ್ದೂ ಅದೇ.

ಇದಕ್ಕೆ ಒಂದು ಒಳ್ಳೆಯ ಕ್ರಮ ಉಂಟು. ಜಪಾನಿನ ಜಿರೋ ಕವಕಿತ ಎಂಬವರು ರೂಪಿಸಿದ್ದು. ಅಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ ಅದನ್ನು ಕೆಜೆ ವಿಧಾನ ಎನ್ನುತ್ತಾರೆ. ಅವರು ಕಂಪನಿಯ ಮ್ಯಾನೇಜರ್ ಅಲ್ಲ, ಊರೂರು ಸುತ್ತಿ ಜನಜೀವನ ಅಧ್ಯಯನ ಮಾಡುತ್ತಿದ್ದವರು. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಬರೆದುಕೊಂಡ ಟಿಪ್ಪಣಿಗಳ ರಾಶಿಯಿಂದ ಅರ್ಥ ಹೊರಡಿಸುವುದು ಹೇಗೆ ಎಂಬುದೇ ಅವರ ಪ್ರಶ್ನೆ. 1967ರಲ್ಲಿ ಈ ವಿಧಾನದ ಬಗ್ಗೆ ಪುಸ್ತಕ ಬರೆದರು. ಆಮೇಲೆ ಜಪಾನಿನ ಕಾರ್ಖಾನೆಗಳಲ್ಲಿ ಇದು ಹಬ್ಬಿತು. ಈಗ ಕಂಪನಿಗಳಲ್ಲಿ ಅಫಿನಿಟಿ ಡಯಾಗ್ರಂ ಅಂತ ಮಾಡುತ್ತಾರಲ್ಲ, ಅದು ಇದರದ್ದೇ ಸರಳ ರೂಪ. 1984ರಲ್ಲಿ ಕವಕಿತರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆ ಪ್ರಶಸ್ತಿ ನೇಪಾಳದ ಕೆಲಸಕ್ಕೆ. ಹಳ್ಳಿಯವರನ್ನೇ ಕೂರಿಸಿ ಅವರ ಕಷ್ಟಗಳನ್ನು ಅವರಿಂದಲೇ ಹುಡುಕಿಸಿ, ಕುಡಿಯುವ ನೀರಿನ ಪೈಪು ಮತ್ತು ಕಣಿವೆ ದಾಟಿಸುವ ಹಗ್ಗದ ದಾರಿ ಆಗುವಂತೆ ಮಾಡಿದರು. ನಮ್ಮ ಕಾಸರಗೋಡು ಜಿಲ್ಲೆಯಾದ ವರ್ಷವೂ ಅದೇ 1984. ಹಾಗಾಗಿ ನನಗೆ ಆ ಇಸವಿ ಮರೆಯುವುದಿಲ್ಲ.

ಮಾಡುವ ರೀತಿ ಹೀಗೆ. ಚೀಟಿಗಳನ್ನೆಲ್ಲ ಚೆನ್ನಾಗಿ ಕಲಸಿ ನೆಲದ ಮೇಲೆ ಹರಡಿ. ಚಾಪೆ ಹಾಸಿದರೆ ಒಳ್ಳೆಯದು. ಬಂದವರಲ್ಲಿ ಆರೇಳು ಜನರನ್ನು ಕರೆಯಿರಿ. ಒಬ್ಬರೇ ಮಾಡಬೇಡಿ. ಎಲ್ಲ ಚೀಟಿಯನ್ನೂ ಒಮ್ಮೆ ಗಟ್ಟಿಯಾಗಿ ಓದಿ. ಆಮೇಲೆ ಮಾತು ಬಂದ್. ಪರಸ್ಪರ ಹತ್ತಿರ ಅನ್ನಿಸಿದ ಎರಡು ಚೀಟಿಗಳನ್ನು ಪಕ್ಕಪಕ್ಕ ಇಡುತ್ತಾ ಹೋಗಿ. ಇನ್ನೊಬ್ಬರು ಅದನ್ನು ಬೇರೆ ಕಡೆ ಇಟ್ಟರೆ ಇಡಲಿ. ವಾದ ಬೇಡ. ಸುಮ್ನೆ ಕೈ ಕೆಲಸ ಮಾಡಲಿ. ಮಾತು ನಿಲ್ಲಿಸಿದ ಕೂಡಲೇ ಒಂದು ಬದಲಾವಣೆ ಆಗುತ್ತದೆ. ಯಾವಾಗಲೂ ಜೋರಾಗಿ ಮಾತಾಡುವವರ ಕೈಯೂ, ಮೂಲೆಯಲ್ಲಿ ಕೂತ ಹುಡುಗಿಯ ಕೈಯೂ ಒಂದೇ ಆಗುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಸಣ್ಣಸಣ್ಣ ಗುಂಪು ಕಾಣುತ್ತವೆ. ಎರಡು, ಮೂರು, ನಾಲ್ಕು ಚೀಟಿ ಇದ್ದರೆ ಸಾಕು. ದೊಡ್ಡ ಗುಂಪು ಮಾಡುವ ಅವಸರ ಬೇಡ. ಎಲ್ಲಿಯೂ ಸೇರದ ಚೀಟಿ ಒಂಟಿಯಾಗಿಯೇ ಇರಲಿ. ಅದನ್ನು ಎಳೆದು ತಂದು ಯಾವುದೋ ಗುಂಪಿಗೆ ತುರುಕಬಾರದು. ಎಷ್ಟೋ ಸಲ ಒಳ್ಳೆಯ ಮಾತು ಅದೇ ಆಗಿರುತ್ತದೆ.

ಹೆಸರು ಕೊಡುವುದು ಕೊನೆಗೆ. ಅದೂ ಒಂದು ಶಬ್ದ ಅಲ್ಲ, ಒಂದು ಪೂರ್ತಿ ವಾಕ್ಯ. ಆ ಗುಂಪಿನ ಚೀಟಿಗಳನ್ನು ಮತ್ತೆ ಓದಿ, "ಇವೆಲ್ಲ ಸೇರಿ ಎಂತ ಹೇಳುತ್ತಾ ಇವೆ?" ಎಂದು ಕೇಳಿಕೊಳ್ಳಿ. ಬಂದ ಉತ್ತರವನ್ನು ಬೇರೆ ಬಣ್ಣದ ಕಾಗದದಲ್ಲಿ ಬರೆದು ಮೇಲಿಡಿ. ಆಮೇಲೆ ಆ ವಾಕ್ಯಗಳನ್ನೇ ಚೀಟಿಗಳಂತೆ ಹಿಡಿದು ಇನ್ನೊಮ್ಮೆ ಹತ್ತಿರ ದೂರ ನೋಡಿ. ಯಾವುದರಿಂದ ಯಾವುದು ಆಗುತ್ತದೆ, ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ ಎಂದು ಗೆರೆ ಎಳೆಯಿರಿ. ಕಡೆಗೆ ಆ ಚಿತ್ರವನ್ನು ನೋಡಿಕೊಂಡು ಒಂದು ಪುಟ ಬರೆಯಿರಿ. ಸಮಿತಿಯ ಮುಂದೆ ಇಡಬೇಕಾದ್ದು ಆ ಪುಟ.

ಪೆರ್ಲದ ಓದುಗ:

ಟೀಚರ್, ಬಹಳ ಉಪಕಾರ. ಎರಡು ಸಂಶಯ. ಒಂದು ಚೀಟಿ ಎರಡು ಗುಂಪಿಗೂ ಸೇರುತ್ತದೆ ಅನ್ನಿಸಿದರೆ? ಒಂದೇ ಮಾತು ನಾಲ್ಕೈದು ಜನ ಬರೆದಿದ್ದರೆ ಒಂದನ್ನು ಇಟ್ಟು ಉಳಿದದ್ದನ್ನು ತೆಗೆಯಬಹುದಾ?

ಮುಳ್ಳೇರಿಯದ ಟೀಚರ್:

ಎರಡಕ್ಕೂ ಸೇರಿದರೆ ಇನ್ನೊಂದು ಪ್ರತಿ ಬರೆದು ಎರಡೂ ಕಡೆ ಇಡಿ. ಆದರೆ ಮೊದಲು ನೋಡಿ, ಅದರಲ್ಲಿ ಎರಡು ಮಾತು ಸೇರಿಕೊಂಡಿದೆಯಾ ಅಂತ. ಹಾಗಿದ್ದರೆ ಎರಡು ಚೀಟಿ ಮಾಡಿ.

ಒಂದೇ ಮಾತು ಹಲವರದ್ದಾದರೆ ಯಾವುದನ್ನೂ ಎಸೆಯಬೇಡಿ, ಒಟ್ಟಿಗೆ ಪಿನ್ ಹಾಕಿ. ಎಷ್ಟು ಜನರ ಮಾತು ಅದು ಎಂದು ಆಮೇಲೆ ಬೇಕಾಗುತ್ತದೆ. ಮತ್ತೆ, ಮೇಲ್ನೋಟಕ್ಕೆ ಒಂದೇ ಅನ್ನಿಸಿದ್ದು ನಿಜಕ್ಕೂ ಒಂದೇ ಆಗಿರುವುದು ಕಡಿಮೆ. "ಸಮಯ ಬದಲಿಸಿ" ಎಂದು ಒಬ್ಬ ಹುಡುಗನೂ ಒಬ್ಬ ಅಕ್ಕನೂ ಬರೆದರೆ ಇಬ್ಬರಿಗೂ ಬೇಕಾದ ಸಮಯ ಬೇರೆ ಇರಬಹುದು.

ಬಾಯಾರಿನ ಕೃಷಿಕ:

ಟೀಚರ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾನು ಗ್ರಾಮಸಭೆಗಳಿಗೆ ತಪ್ಪದೆ ಹೋಗುವವನು. ನಮ್ಮ ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಶುರುವಾದಾಗ ವಾರ್ಡಿನ ಜನರೇ ಕೂತು ಬೇಕು ಬೇಡ ಹೇಳುವ ಪದ್ಧತಿ ಬಂತು. ಗ್ರಾಮಸಭೆಯಲ್ಲಿ ವಿಷಯಕ್ಕೊಂದು ಗುಂಪು ಮಾಡಿ ಕೂರಿಸುತ್ತಾರೆ. ಕೃಷಿಗೆ ಒಂದು, ಕುಡಿಯುವ ನೀರಿಗೆ ಒಂದು, ಶಿಕ್ಷಣಕ್ಕೆ ಒಂದು. ಅಲ್ಲಿ ಬಂದ ಮಾತು ಅಭಿವೃದ್ಧಿ ಸೆಮಿನಾರಿಗೆ ಹೋಗುತ್ತದೆ, ಅಲ್ಲಿಂದ ಯೋಜನೆಯ ಪುಸ್ತಕಕ್ಕೆ. ಒಳ್ಳೆಯ ಪದ್ಧತಿ, ಅದರ ಬಗ್ಗೆ ನನಗೆ ಗೌರವ ಉಂಟು. ಹಣ ಯಾವ ಲೆಕ್ಕದಿಂದ ಬರುತ್ತದೆ ಎಂದು ತೋರಿಸಲು ಆ ವಿಭಾಗಗಳು ಬೇಕೇ ಬೇಕು.

ಆದರೆ ವಿಭಾಗ ಮೊದಲೇ ಇದ್ದರೆ ನಡುವೆ ಬಿದ್ದ ಮಾತಿಗೆ ಜಾಗ ಇಲ್ಲ. ನಮ್ಮ ಸುರಂಗವನ್ನೇ ತೆಗೆದುಕೊಳ್ಳಿ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಒಳಗೆ ಜಿನುಗುವ ನೀರನ್ನು ಹೊರಗೆ ಹರಿಸುವುದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಇಳಿದು ಕೆರೆಗೆ ಬರುತ್ತದೆ. ಇದು ಕುಡಿಯುವ ನೀರಾ, ಕೃಷಿಯಾ, ಹಳೆಯ ವಿದ್ಯೆಯಾ? ನೀರಿನ ಗುಂಪಿನಲ್ಲಿ ಹೇಳಿದರೆ ಕೃಷಿಯ ಕಡೆ ಹೇಳಿ ಅಂತಾರೆ. ಕೃಷಿಯಲ್ಲಿ ಹೇಳಿದರೆ ನೀರಿನ ಕಡೆ ಕಳಿಸುತ್ತಾರೆ. ಹಾಗೆ ಕೈಬಿಟ್ಟ ಮಾತು ನನ್ನ ನೆನಪಿನಲ್ಲೇ ಹಲವು ಉಂಟು.

ನಾವು ಅಡಿಕೆ ವಿಂಗಡಿಸುವಾಗ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಹೆಸರು ಮೊದಲೇ ಉಂಟು, ಅಡಿಕೆ ನೋಡಿ ಆಯಾ ರಾಶಿಗೆ ಹಾಕುತ್ತೇವೆ. ಮಾರುಕಟ್ಟೆಗೆ ಅದು ಸರಿ. ಜನರ ಮಾತಿಗೆ ಹಾಗೆ ಮಾಡಬಾರದು. ಪೆರ್ಲದವರೇ, ಆ ಸುರಂಗದ ಚೀಟಿ ಜೋಪಾನ.

ಕುಂಬಳೆಯ ಸಾಫ್ಟ್‌ವೇರ್ ಹುಡುಗ:

ನಾನು ಕುಂಬಳೆಯವನು, ಕೆಲಸ ಬೆಂಗಳೂರಿನಲ್ಲಿ. ಇಂತಹ ಸಭೆ ನಮ್ಮಲ್ಲಿ ಆಗಾಗ ನಡೆಯುತ್ತದೆ.

ಹಿನ್ನೆಲೆಗೆ ಸ್ವಲ್ಪ. ಬ್ರೈನ್‌ಸ್ಟಾರ್ಮಿಂಗ್ ಎಂಬ ಕ್ರಮವನ್ನು ಜನಪ್ರಿಯ ಮಾಡಿದವರು ಅಲೆಕ್ಸ್ ಆಸ್ಬೋರ್ನ್, ಅಮೆರಿಕದ ಜಾಹೀರಾತು ಕಂಪನಿಯೊಂದರ ಪಾಲುದಾರ. 1953ರಲ್ಲಿ ಬಂದ ಅವರ ಪುಸ್ತಕದ ಮೂಲಕ ಇದು ಎಲ್ಲ ಕಡೆ ಹರಡಿತು. ತಪ್ಪು ಹುಡುಕಬೇಡಿ, ಜಾಸ್ತಿ ಹೇಳಿ, ವಿಚಿತ್ರವಾದದ್ದೂ ಬರಲಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಕಟ್ಟಿ. ಇವು ಅವರ ನಿಯಮ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ಕು ಜನ ಬೇರೆಬೇರೆ ಕೂತು ಬರೆದದ್ದನ್ನು ಆಮೇಲೆ ಸೇರಿಸಿದಾಗ ಎರಡು ಪಟ್ಟಿನ ಹತ್ತಿರ ಬಂತು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬವರು ಅದರ ಮುಖ್ಯ ಕಾರಣ ತೋರಿಸಿದರು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಾಗ ತಮ್ಮ ಮಾತು ಮರೆಯುತ್ತದೆ, ಇಲ್ಲವೇ ಹೇಳುವುದು ಬೇಡ ಅನ್ನಿಸುತ್ತದೆ. ಹಾಗಾಗಿ ಪೆರ್ಲದವರು ಚೀಟಿ ಕೊಟ್ಟು ಬರೆಸಿದ್ದು ತುಂಬಾ ಒಳ್ಳೆಯದಾಯಿತು.

ಈಗ ವಿಂಗಡಣೆಗೆ ನನ್ನ ಸಲಹೆ: ಚೀಟಿಗಳ ಮೇಲೆ ಬಿಂದಿ ಅಂಟಿಸಿ ಮತ ಹಾಕಿಸಿ. ಒಬ್ಬೊಬ್ಬರಿಗೆ ಐದು ಬಿಂದಿ. ಜಾಸ್ತಿ ಬಿದ್ದದ್ದನ್ನು ಎತ್ತಿಕೊಳ್ಳಿ. ಬೇಗ ಮುಗಿಯುತ್ತದೆ.

ಮುಳ್ಳೇರಿಯದ ಟೀಚರ್:

ಬಿಂದಿ ಬೇಕು, ಆದರೆ ಗುಂಪು ಮಾಡಿದ ಮೇಲೆ. ಬಿಡಿ ಚೀಟಿಗಳ ಮೇಲೆ ಮತ ಹಾಕಿದರೆ ಒಂದೇ ವಿಷಯವನ್ನು ಹತ್ತು ರೀತಿಯಲ್ಲಿ ಹೇಳಿದವರ ಮತ ಹತ್ತು ಕಡೆ ಚೆದುರುತ್ತದೆ. ಒಂದೇ ರೀತಿಯಲ್ಲಿ ಹೇಳಿದವರು ಗೆಲ್ಲುತ್ತಾರೆ.

ಇನ್ನೊಂದು ಸಂಗತಿ. ಎಲ್ಲರ ಎದುರು ಬಿಂದಿ ಅಂಟಿಸುವಾಗ ಜನ ಮೊದಲು ಹೋದವರ ಕೈ ನೋಡುತ್ತಾರೆ. ನಮ್ಮ ಊರುಗಳಲ್ಲಿ ಹಿರಿಯರು ಎಲ್ಲಿ ಅಂಟಿಸಿದರೋ ಮಕ್ಕಳೂ ಅಲ್ಲೇ. ಪ್ರತಿ ಗುಂಪಿಗೆ ಒಂದು ನಂಬರ್ ಕೊಟ್ಟು, ಕಾಗದದಲ್ಲಿ ನಂಬರ್ ಬರೆದು ಡಬ್ಬಕ್ಕೆ ಹಾಕಿಸಿ.

ಕುಂಬಳೆಯ ಸಾಫ್ಟ್‌ವೇರ್ ಹುಡುಗ:

ಮತ ಚೆದುರುವ ಮಾತು ಸರಿ. ಒಪ್ಪಿದೆ. ಹಾಗಿದ್ದರೆ ಡಬ್ಬದ ಮತ ಆದ ಮೇಲೆ ಇನ್ನೊಂದು ಹೆಜ್ಜೆ ಸೇರಿಸಿ. ನೆಲದಲ್ಲಿ ಎರಡು ಗೆರೆ ಎಳೆಯಿರಿ. ಒಂದು ಕಡೆಗೆ ಶ್ರಮ ಕಡಿಮೆ, ಇನ್ನೊಂದು ಕಡೆಗೆ ಜಾಸ್ತಿ. ಮೇಲೆ ಪ್ರಯೋಜನ ಜಾಸ್ತಿ, ಕೆಳಗೆ ಕಡಿಮೆ. ಗುಂಪಿನ ವಾಕ್ಯಗಳನ್ನು ಎಲ್ಲಿ ಇಡಬಹುದು ಎಂದು ಈಗ ಬಾಯಿಬಿಟ್ಟು ಚರ್ಚೆ ಮಾಡಿ. ಇಲ್ಲಿ ಮೌನ ಬೇಡ. ಯಾರಿಗೆ ಪ್ರಯೋಜನ ಎಂದೂ ಕೇಳಿ, ಟಾಯ್ಲೆಟ್‌ನ ಬೆಲೆ ಗಂಡಸರ ಕಣ್ಣಿಗೆ ಬೇರೆ, ಹೆಂಗಸರ ಕಣ್ಣಿಗೆ ಬೇರೆ.

ನೀರ್ಚಾಲಿನ ವಿದ್ಯಾರ್ಥಿನಿ:

ನನಗೆ ಒಂದು ಪ್ರಶ್ನೆ. ಚೀಟಿಗಳು ಯಾವ ಭಾಷೆಯಲ್ಲಿ ಉಂಟು? ನಮ್ಮಲ್ಲಿ ಇಂತಹ ಸಭೆಯಾದರೆ ಕನ್ನಡ, ಮಲಯಾಳ, ತುಳು ಮೂರೂ ಬರುತ್ತದೆ. ಕೆಲವು ಮನೆಗಳಲ್ಲಿ ಹವ್ಯಕ ಕನ್ನಡ, ಕೆಲವು ಕಡೆ ಮರಾಟಿ, ಕೊಂಕಣಿ, ಬ್ಯಾರಿ.

ಮತ್ತೆ, ಬರೆಯಲು ಹಿಂಜರಿಯುವ ಅಜ್ಜಿಯಂದಿರು ಬಾಯಲ್ಲಿ ಹೇಳಿರುತ್ತಾರೆ. ಅವರ ಪರವಾಗಿ ಬರೆದವರು ಯಾರು? ನನ್ನ ಅಜ್ಜಿ ಒಂದು ಸಭೆಯಲ್ಲಿ ತುಳುವಿನಲ್ಲಿ ಉದ್ದಕ್ಕೆ ಒಂದು ವಿಷಯ ಹೇಳಿದರು, ಬರೆದುಕೊಂಡವರು ಎರಡೇ ಶಬ್ದ ಬರೆದರು. ಅಜ್ಜಿ ಆಮೇಲೆ ಮತ್ತೆ ಬಾಯಿ ತೆರೆಯಲಿಲ್ಲ. ನನಗೆ ಅದು ಈಗಲೂ ಬೇಸರ.

ಪೆರ್ಲದ ಓದುಗ:

ಒಳ್ಳೆಯ ಪ್ರಶ್ನೆ ತಂಗಿ. ಜಾಸ್ತಿ ಚೀಟಿ ಕನ್ನಡದ್ದು. ಮಕ್ಕಳು ಮಲಯಾಳದಲ್ಲಿ ಬರೆದದ್ದು ಸುಮಾರು ಉಂಟು. ತುಳುವಿನ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದದ್ದೂ ಉಂಟು. ಬರೆಯದವರ ಮಾತನ್ನು ಹೈಸ್ಕೂಲಿನ ಮಕ್ಕಳು ಬರೆದುಕೊಂಡರು. ಎಲ್ಲವನ್ನೂ ಕನ್ನಡದಲ್ಲಿ ಒಮ್ಮೆ ಚಂದ ಬರೆಯುವ ಅಂತ ಇತ್ತು.

ನೀರ್ಚಾಲಿನ ವಿದ್ಯಾರ್ಥಿನಿ:

ದಯವಿಟ್ಟು ಮೂಲ ಚೀಟಿ ಹಾಗೇ ಇರಲಿ. ಬೇಕಾದರೆ ಹಿಂದೆ ಕನ್ನಡದಲ್ಲಿ ಬರೆಯಿರಿ. ಗುಂಪು ಮಾಡುವ ಆರೇಳು ಜನರಲ್ಲಿ ಮಲಯಾಳ ಸರಿಯಾಗಿ ಓದುವವರು ಒಬ್ಬರು, ಆ ಮಕ್ಕಳಲ್ಲಿ ಒಬ್ಬರು ಇರಲೇಬೇಕು. ಬರೆಯದೆ ಹೇಳಿದವರಿಗೆ ಅವರ ಚೀಟಿಯನ್ನು ಓದಿ ಹೇಳಿ, "ನೀವು ಹೇಳಿದ್ದು ಇದೇ ಅಲ್ವಾ?" ಎಂದು ಕೇಳಿ. ಫೋನಿನಲ್ಲಿ ಕೇಳಿದರೂ ಆಗುತ್ತದೆ.

ಕಾಸರಗೋಡು ಪೇಟೆಯ ಹಿರಿಯರು:

ಬಹಳ ಕಾಲ ಒಂದು ಗ್ರಂಥಾಲಯದ ಕಾರ್ಯದರ್ಶಿಯಾಗಿದ್ದವನು ನಾನು. ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನನ್ನ ಅನುಭವ ಸ್ವಲ್ಪ ಬೇರೆ. ಸಭೆಯಲ್ಲಿ ಐವತ್ತು ಜನ ಹೇಳುತ್ತಾರೆ, ಕೆಲಸಕ್ಕೆ ಮೂರು ಜನ ಬರುತ್ತಾರೆ. ಹಾಗಾಗಿ ನಾವು ಮೊದಲು ಕೇಳುತ್ತಿದ್ದುದು "ಇದನ್ನು ಯಾರು ಮಾಡುತ್ತೀರಿ?" ಎಂದು. ಕೈ ಎತ್ತಿದವರ ಯೋಚನೆ ಮುಂದೆ ಹೋಗುತ್ತಿತ್ತು, ಉಳಿದದ್ದು ಬಿಡುತ್ತಿದ್ದೆವು. ಚೀಟಿ ಜೋಡಿಸಲು ಒಂದು ಸಂಜೆ, ಮತಕ್ಕೆ ಒಂದು ಸಂಜೆ ಎಂದರೆ ಆ ಮೂರು ಜನರಿಗೂ ಸುಸ್ತಾಗುತ್ತದೆ.

ಬಾಯಾರಿನ ಕೃಷಿಕ:

ಹಿರಿಯರ ಮಾತು ತೆಗೆದುಹಾಕುವಂಥದ್ದಲ್ಲ. ಕೆಲಸಗಾರರು ಇಲ್ಲದ ಯೋಚನೆ ಕಾಗದದಲ್ಲೇ ಉಳಿಯುತ್ತದೆ.

ಆದರೆ ಮೊದಲೇ ಆ ಪ್ರಶ್ನೆ ಕೇಳಿದರೆ, ಪುರುಸೊತ್ತು ಇದ್ದವರ ಯೋಚನೆ ಮಾತ್ರ ನಿಲ್ಲುತ್ತದೆ. ಬೆಳಗ್ಗೆ ತೋಟ, ಮಧ್ಯಾಹ್ನ ಹಾಲು, ಸಂಜೆ ಅಡುಗೆ ಇರುವ ಹೆಂಗಸು ಕೈ ಎತ್ತುವುದು ಹೇಗೆ? ಅವಳಿಗೆ ಬೇಕಾದದ್ದು ಏನು ಎಂದು ಮೊದಲು ಗೊತ್ತಾಗಲಿ. ಗುಂಪಿನ ವಾಕ್ಯ ಕಣ್ಣ ಮುಂದೆ ಬಂದ ಮೇಲೆ ಕೇಳಿದರೆ, ತಾನು ಬರೆಯದ ಯೋಚನೆಗೂ ಕೈ ಎತ್ತುವವರು ಸಿಗುತ್ತಾರೆ. ಹೆಸರು ಬೇಕು, ಖಂಡಿತ ಬೇಕು. ಆದರೆ ಕಡೆಗೆ.

ಕಾಸರಗೋಡು ಪೇಟೆಯ ಹಿರಿಯರು:

ಈ ರೀತಿಯಲ್ಲಿ ನಾನು ಯೋಚಿಸಿರಲಿಲ್ಲ. ಸರಿ. ಒಂದೇ ಶರತ್ತು, ಎಲ್ಲವೂ ಒಂದೇ ಸಂಜೆ ಮುಗಿಯಬೇಕು. ಮತ್ತು ಬೇಗ ಆಗಬೇಕು. ವಾರಗಟ್ಟಲೆ ಬಿಟ್ಟರೆ ಚೀಟಿ ಇರುತ್ತದೆ, ಬರೆದವರ ಮನಸ್ಸಿನಲ್ಲಿ ಇದ್ದದ್ದು ಮರೆತುಹೋಗುತ್ತದೆ.

ಪೆರ್ಲದ ಓದುಗ:

ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ಸಂಜೆ ಕೂತೆವು. ಟೀಚರ್ ಹೇಳಿದ ಹಾಗೆಯೇ ಮಾಡಿದೆವು. ಒಂದೇ ಸಂಜೆಯಲ್ಲಿ ಮುಗಿಯಿತು, ಹಿರಿಯರಿಗೆ ವಿಶೇಷವಾಗಿ ತಿಳಿಸುತ್ತಿದ್ದೇನೆ. ಆದದ್ದನ್ನು ಹೇಳಲೇಬೇಕು, ಏಕೆಂದರೆ ನಮಗೇ ಆಶ್ಚರ್ಯವಾಯಿತು.

ಮೊದಲು ಮಾತಿಲ್ಲದೆ ಇಡುವುದು ಎಲ್ಲರಿಗೂ ಮುಜುಗರ. ಸ್ವಲ್ಪ ಹೊತ್ತಿನ ಮೇಲೆ ಯಾರಿಗೂ ಮಾತು ಬೇಡವಾಯಿತು. ಬಸ್ಸಿನ ಚೀಟಿಯನ್ನು ನಾನು ಸಮಯದ ಬಗ್ಗೆ ಇದ್ದ ಚೀಟಿಗಳ ಹತ್ತಿರ ಇಟ್ಟೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ತೆಗೆದು ಟಾಯ್ಲೆಟ್‌ನ ಪಕ್ಕಕ್ಕೆ ಇಟ್ಟಳು. ಆಮೇಲೆ ರಸ್ತೆ ದೀಪದ ಚೀಟಿಯನ್ನೂ ತಂದಳು. ಪಿಎಸ್‌ಸಿ ಕೋಣೆಯನ್ನೂ ತಂದಳು. ಕುಡುಂಬಶ್ರೀಯ ಅಕ್ಕ ತಲೆಯಾಡಿಸಿ "ಮಧ್ಯಾಹ್ನ ಓದು" ಎಂಬ ಚೀಟಿಯನ್ನು ಅಲ್ಲಿಗೇ ಸೇರಿಸಿದರು. ಆ ಗುಂಪಿಗೆ ಕಡೆಗೆ ಬಂದ ವಾಕ್ಯ: "ಹೆಣ್ಣುಮಕ್ಕಳು ಹೆದರಿಕೆ ಇಲ್ಲದೆ ಬಂದು, ಕೂತು, ಹೊತ್ತಿಗೆ ಸರಿಯಾಗಿ ಮನೆ ಸೇರುವಂತಾಗಬೇಕು." ಕಟ್ಟಡ, ಸಮಯ, ಶಿಕ್ಷಣ ಎಂದು ಮೂರು ಕಡೆ ಹಂಚಿಹೋಗಬೇಕಾಗಿದ್ದ ಮಾತು ಇದು. ಡಬ್ಬದಲ್ಲಿ ಜಾಸ್ತಿ ಮತ ಬಿದ್ದದ್ದೂ ಇದಕ್ಕೇ.

ಇನ್ನೊಂದು ಗುಂಪು, ಮಕ್ಕಳದ್ದು. ಶನಿವಾರದ ಕನ್ನಡ ಕ್ಲಾಸು, ತಾಳಮದ್ದಳೆ, ಮಂಜೇಶ್ವರ ಪ್ರವಾಸ, ಬದಿಯಡ್ಕದ ಹತ್ತಿರ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿದ ಜಾಗ ನೋಡುವುದು, ಇವೆಲ್ಲ ತಾನಾಗಿ ಸೇರಿದವು. "ಕನ್ನಡವನ್ನು ಮಕ್ಕಳು ಪಾಠವಾಗಿ ಅಲ್ಲ, ಊರಿನ ಖುಷಿಯಾಗಿ ಕಾಣಬೇಕು" ಎಂದು ಬರೆದರು. ಈ ವಾಕ್ಯ ಬಂದ ಮೇಲೆ ಶನಿವಾರದ ಕ್ಲಾಸು ಬೆಂಚಿನಲ್ಲಿ ಕೂರಿಸಿ ಮಾಡುವುದು ಬೇಡ, ತಾಳಮದ್ದಳೆಯ ಪದ್ಯದಿಂದಲೇ ಶುರು ಮಾಡುವ ಎಂದು ಒಬ್ಬರು ಟೀಚರ್ ಹೇಳಿದರು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಯಾವುದು!

ಪುಸ್ತಕದ ಬೂಸ್ಟು, ಕಪಾಟು, ಸೋರುವ ಹಂಚು ಒಂದು ಗುಂಪು. ಅದರಲ್ಲಿ ಚರ್ಚೆಗೆ ಏನೂ ಇಲ್ಲ, ಮಳೆಗೆ ಮೊದಲು ಮಾಡಬೇಕಿತ್ತು, ಈಗ ಮಳೆ ಬಿಟ್ಟ ಕೂಡಲೇ ಮಾಡುವುದು.

ಸುರಂಗದ ಚೀಟಿ ಕೊನೆಯವರೆಗೂ ಒಂಟಿಯಾಗಿತ್ತು. ಅದನ್ನು ಹಾಗೇ ಬಿಟ್ಟೆವು. ಎರಡು ಗೆರೆಯ ಮೇಲೆ ಇಡುವಾಗ ಶ್ರಮ ಕಡಿಮೆ, ಪ್ರಯೋಜನ ಜಾಸ್ತಿ ಎಂಬ ಕಡೆಗೆ ಹೋಯಿತು. ಫೋನಿನಲ್ಲೇ ರೆಕಾರ್ಡ್ ಮಾಡಬಹುದು. ತೋಡುವ ಕೆಲಸ ತಿಳಿದವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ, ಕಾಯಲು ಆಗುವುದಿಲ್ಲ. ಇಬ್ಬರು ಹುಡುಗರು ಹೆಸರು ಕೊಟ್ಟರು. ಇಬ್ಬರೂ ಆ ಚೀಟಿ ಬರೆದವರಲ್ಲ.

ಈಗ ಸಮಿತಿಗೆ ಒಂದು ಪುಟ ತಯಾರಾಗಿದೆ. ಪ್ರತಿ ವಾಕ್ಯದ ಕೆಳಗೆ ಚೀಟಿಗಳ ಮಾತು ಇದ್ದ ಹಾಗೇ ಉಂಟು, ಪಕ್ಕದಲ್ಲಿ ಯಾರು, ಯಾವಾಗ ಎಂದು ಉಂಟು. ಚಾಪೆಯ ಮೇಲಿನ ಜೋಡಣೆಯ ಫೋಟೋ ತೆಗೆದಿದ್ದೇವೆ. ಈ ಸಲ ಮಾಡಲಾಗದ ಚೀಟಿಗಳನ್ನು ಎಂತ ಮಾಡುವುದು ಎಂಬುದೊಂದು ಬಾಕಿ.

ಮುಳ್ಳೇರಿಯದ ಟೀಚರ್:

ಓದಿ ತುಂಬಾ ಸಂತೋಷವಾಯಿತು. ಆ ಹುಡುಗಿಗೆ ನನ್ನ ಪ್ರೀತಿ ತಿಳಿಸಿ.

ಉಳಿದ ಚೀಟಿಗಳನ್ನು "ಈಗ ಅಲ್ಲ" ಎಂದು ಬರೆದ ಲಕೋಟೆಯಲ್ಲಿ ಹಾಕಿ ಗ್ರಂಥಾಲಯದಲ್ಲೇ ಇಡಿ, ಯಾರ ಮನೆಗೂ ಕೊಂಡುಹೋಗಬೇಡಿ. ಮುಂದಿನ ಸಭೆಯಲ್ಲಿ ಹೊಸ ಚೀಟಿ ಬರೆಸುವ ಮೊದಲು ಅದನ್ನು ತೆರೆದು ಓದಿ. ಆ ಒಂದು ಪುಟವನ್ನು ಸಮಿತಿಗೆ ಕೊಟ್ಟ ದಿನವೇ ಬಾಗಿಲಿನ ಹೊರಗೂ ಅಂಟಿಸಿ, ಕನ್ನಡದಲ್ಲೂ ಮಲಯಾಳದಲ್ಲೂ. ಬರೆದವರು ತಮ್ಮ ಮಾತು ಎಲ್ಲಿಗೆ ಹೋಯಿತು ಎಂದು ನೋಡಲಿ.

ಉಪ್ಪಳದ ಗೆಳೆಯ:

ಚೀಟಿಗಳ ಫೋಟೋ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿ ಕೊಡುತ್ತೇನೆ. ವಿಭಾಗದ ಕಾಲಂ ಇಲ್ಲ, ಗುಂಪಿನ ವಾಕ್ಯದ ಕಾಲಂ ಮಾತ್ರ.

ಬಾಯಾರಿನ ಕೃಷಿಕ:

ಆ ಇಬ್ಬರು ಹುಡುಗರನ್ನು ನಮ್ಮ ಕಡೆಗೆ ಕಳಿಸಿ. ಸುರಂಗ ತೋಡಿ ಗೊತ್ತಿರುವ ಇಬ್ಬರು ನಮ್ಮ ಹತ್ತಿರದಲ್ಲೇ ಇದ್ದಾರೆ, ಇಬ್ಬರಿಗೂ ತುಳು ಸುಲಭ. ಭಾನುವಾರ ಹತ್ತು ಗಂಟೆಯ ಮೇಲೆ ಬಂದರೆ ಸುರಂಗದ ಬಾಯಿಯ ಹತ್ತಿರವೇ ಕೂತು ಮಾತಾಡಬಹುದು. ಮಳೆ ಜೋರಾಗಿದ್ದರೆ ಒಳಗೆ ಹೋಗುವುದು ಬೇಡ.